ಮನೆಗೇ ಪಂಚರ್ ಹಾಕಿದೆವು

ಮುಂಗಾರು ಇನ್ನೇನು ಬಂತು. ತಾರಸಿ ಮನೆಯವರ ಕಿವಿಯಲ್ಲಿ ಮತ್ತೆ ಟಪ್ ಟಪ್ ಸದ್ದು. ಟಾರು ನಿಲ್ಲಲಿಲ್ಲ, ಬಿಳಿ ಬಣ್ಣ ಬಾಳಲಿಲ್ಲ. ಕಡಬದ ಒಂದು ಮನೆಯ ಮೇಲೆ ಹೋದ ವರ್ಷ ನಾವೇ ಕೂತು ಹಾಸಿದ ಕರಿ ರಬ್ಬರಿನ ಕಥೆ ಇದು. ಅದಕ್ಕೂ ಮುಂಚಿನ ಚೌಳು ಮಣ್ಣಿನ ಕಥೆಯೂ ಹೌದು.

ಬೆಳಿಗ್ಗೆ ಒಂಬತ್ತಕ್ಕೇ ತಾರಸಿ ಕಾದ ಕಾವಲಿಯಾಗಿತ್ತು. ಅದರ ಮೇಲೆ ಎಮ್ಮೆ ಚರ್ಮ ಹರವಿದಂತೆ ಕರ್ರಗಿನ ಹಾಳೆ. ನಾನೂ ಚಿಕ್ಕಪ್ಪನ ಮಗನೂ ಚಪ್ಪಲಿ ಬಿಟ್ಟು, ಹಳೇ ಕಾಲುಚೀಲ ಏರಿಸಿಕೊಂಡು ಪ್ಯಾರಾಪೆಟ್ಟಿನ ನೆರಳಿಗೆ ಒತ್ತಿಕೊಂಡು ಕೂತಿದ್ದೆವು. ಸುರುಳಿ ಬಿಚ್ಚಿದ ಮೇಲೆ ಅರ್ಧ ಗಂಟೆ ಅದನ್ನು ಮುಟ್ಟುವಂತಿಲ್ಲ. ಹಾಳೆ ಮೈ ಸಡಿಲ ಬಿಡಬೇಕು.

ಅಂಗಳದಲ್ಲಿ ತೆಂಗಿನ ಗರಿ ಒಟ್ಟುತ್ತಿದ್ದ ಚಿಕ್ಕಮ್ಮ ತಲೆ ಎತ್ತಿ ಕೇಳಿದರು: "ಏನ್ರಲಾ, ಮನೆಗೂ ಟೈರ್ ಹಾಕಿಸ್ತಿದ್ದೀರಾ?"

ತಮಾಷೆಗೆ ಅಂದ ಮಾತು. ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಅದು ಮುಕ್ಕಾಲು ಪಾಲು ನಿಜವೆಂದು ಗೊತ್ತಾಯಿತು.

ಗುಬ್ಬಿ ತಾಲ್ಲೂಕಿನ ಹೋಬಳಿ ಕೇಂದ್ರ ಕಡಬ. ಶಿಂಷಾ ನದಿಗೆ ಅಡ್ಡಲಾಗಿ ಏರಿ ಕಟ್ಟಿ ಮಾಡಿದ ದೊಡ್ಡ ಕೆರೆ ಇಲ್ಲಿನದು. ಲಂಕೆಯಿಂದ ಹಿಂತಿರುಗುವಾಗ ಸೀತೆ ಕೇಳಿದಳೆಂದು ರಾಮ ಕಟ್ಟಿಸಿದ ಕೆರೆ ಅಂತ ಐತಿಹ್ಯ. 2022ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಕೆರೆಗಳು ಸಾಲಾಗಿ ಕೋಡಿ ಬಿದ್ದಾಗ ಊರೂರಿನಲ್ಲೂ ಬಾಗಿನ ಬಿಟ್ಟರು, ಫೋಟೊ ತೆಗೆಸಿಕೊಂಡರು. ನಮ್ಮ ಚಿಕ್ಕಪ್ಪ ಮಾತ್ರ ನಡುಮನೆಯಲ್ಲಿ ಬಕೆಟ್ ಬದಲಾಯಿಸುತ್ತ ಕೂತಿದ್ದರು. ಕೆರೆಯಲ್ಲಿ ನಿಲ್ಲಬೇಕಾದ ನೀರು ನಮ್ಮ ತಾರಸಿಯಲ್ಲೂ ನಿಂತಿತ್ತು.

ಕಡಬ ಅಂದೊಡನೆ ಕೆಲವರಿಗೆ ದಕ್ಷಿಣ ಕನ್ನಡದ ಕಡಬ ತಾಲ್ಲೂಕು ನೆನಪಾಗುತ್ತದೆ. ಅದು ಬೇರೆ, ಇದು ಬೇರೆ. ಸೂರು ನೋಡಿದರೇ ಗೊತ್ತಾಗುತ್ತದೆ. ಆ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ದಾಟಿ ಮಳೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲಂತೂ ಅಲ್ಲಿನ ಮನೆಗಳೆಲ್ಲ ಕೆಂಪು ಇಳಿಜಾರು. ನಮ್ಮ ಸೀಮೆಗೆ ಅದರ ಐದರಲ್ಲೊಂದು ಪಾಲು ಮಳೆ ಸಿಕ್ಕರೆ ಒಳ್ಳೆಯ ವರ್ಷ. ಹಾಗಾಗಿ ನಮ್ಮ ಹಿರಿಯರು ಸೂರನ್ನು ಚಪ್ಪಟೆ ಮಾಡಿ, ಅದನ್ನೇ ಕಣ ಮಾಡಿಕೊಂಡರು.

ಇದನ್ನು ಮರೆತು ತಾರಸಿಯ ಮಾತಾಡಿದರೆ ಎಲ್ಲ ಲೆಕ್ಕವೂ ತಪ್ಪುತ್ತದೆ. ಬೇಯಿಸಿದ ಅಡಿಕೆ ಒಣಗುವುದು ಅಲ್ಲಿ. ರಾಗಿ, ಹುಣಸೆ, ಮೆಣಸಿನಕಾಯಿ, ಸಂಡಿಗೆ, ಹಾಸಿಗೆ, ಬೇಸಿಗೆಯ ರಾತ್ರಿ ಮನುಷ್ಯರು, ಎಲ್ಲ ಅಲ್ಲೇ. ನಮ್ಮ ತಾರಸಿಯ ಅರ್ಧ ಭಾಗ ಅಡಿಕೆ ಚೊಗರು ಕುಡಿದು ಕುಡಿದು ಕಾವಿ ಬಣ್ಣಕ್ಕೆ ತಿರುಗಿತ್ತು.

ಸೋರುವ ಮಾಳಿಗೆಯ ವಿಷಯ ಬಂದರೆ ಶಿಶುನಾಳ ಶರೀಫರ (1819–1889) ತತ್ವಪದ ಎಲ್ಲರ ಬಾಯಿಗೂ ಬರುತ್ತದೆ. ಬಕೆಟ್ ಇಟ್ಟು ಕೂತವನಿಗೆ ಅದರ ತತ್ವಾರ್ಥ ಹತ್ತುವುದಿಲ್ಲ, ವಾಚ್ಯಾರ್ಥವೇ ಸಾಕು. ಆದರೆ ಆ ಮಾಳಿಗೆ ಎಂಥದ್ದು ಅನ್ನುವುದನ್ನು ನಾವು ಮರೆತಿದ್ದೇವೆ. ಅದು ಕಾಂಕ್ರೀಟಲ್ಲ, ಮಣ್ಣು.

ಚಿಕ್ಕಪ್ಪ ಹುಟ್ಟಿದ್ದು ಅಂಥ ಮನೆಯಲ್ಲೇ. ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಬಿದಿರಿನ ದಬ್ಬೆ, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಕಲಸಿದ ಮಣ್ಣು. ಎಲ್ಲಕ್ಕೂ ಮೇಲೆ ಚೌಳು ಮಣ್ಣು. "ವರ್ಷ ವರ್ಷ ಮಳೆಗೆ ಮುಂಚೆ ನಮ್ಮಪ್ಪ ಮಂಕರಿ ಹೊರಿಸಿ ಮೇಲೆ ಹತ್ತಿಸ್ತಿದ್ರು ಕಣಪ್ಪ. ಹಾಕೋದು, ಹರಡೋದು, ತುಳಿಯೋದು. ಹುಲ್ಲು ಕಿತ್ತು ದೋಣಿ ಬಾಯಿ ಬಿಡಿಸೋದು. ಒಂದ್ ಬೆಳಿಗ್ಗೆ ಕೆಲಸ ಅಷ್ಟೆ" ಅನ್ನುತ್ತಾರೆ.

ಆ "ಒಂದ್ ಬೆಳಿಗ್ಗೆ" ಅನ್ನುವುದನ್ನು ಗಮನಿಸಿ. ಮುಂದೆ ಬೇಕಾಗುತ್ತದೆ.

▪ ಬೆಳೆಗೆ ಬಾರದ ಮಣ್ಣು
ಚೌಳು ನೆಲದಲ್ಲಿ ಸೋಡಿಯಂ ಹೆಚ್ಚು. ಅದು ಜೇಡಿಯ ಕಣಗಳನ್ನು ಒಂದರಿಂದೊಂದು ಬಿಡಿಸುತ್ತದೆ. ಬಿಡಿಯಾದ ನುಣುಪು ಕಣಗಳು ನೀರು ಬಿದ್ದೊಡನೆ ಸಂದುಗೊಂದುಗಳನ್ನೆಲ್ಲ ಮುಚ್ಚಿ ಕೂರುತ್ತವೆ, ನೀರು ಕೆಳಗಿಳಿಯುವುದಿಲ್ಲ. ಗದ್ದೆಯಲ್ಲಿ ಇದು ಶಾಪ, ಬೇರಿಗೆ ಉಸಿರು ಕಟ್ಟುತ್ತದೆ. ಮಾಳಿಗೆಯ ಮೇಲೆ ಅದೇ ಗುಣ ವರ. ಅಗಸರು ಬಟ್ಟೆಯ ಕೊಳೆ ತೆಗೆಯುತ್ತಿದ್ದದ್ದೂ ಇದೇ ಮಣ್ಣಿನಿಂದ.

ಆಮೇಲೆ ಸಿಮೆಂಟು ಬಂತು. ಪಕ್ಕದ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲೇ 1960ರ ದಶಕದಲ್ಲಿ ಮೈಸೂರು ಸಿಮೆಂಟ್ಸ್ ಕಾರ್ಖಾನೆಯ ಗೂಡು ಉರಿಯತೊಡಗಿತು. ಮಾಳಿಗೆ ಬಿದ್ದ ಕಡೆಯೆಲ್ಲ ಕಾಂಕ್ರೀಟಿನ ಮೌಲ್ಡ್ ಎದ್ದಿತು. ಮೌಲ್ಡ್ ಮನೆ ಅಂದರೆ ಗತ್ತು. ಅದರ ಜೊತೆಗೆ ಒಂದು ನಂಬಿಕೆಯೂ ಬಂತು: ಹಾಕಿ ಮರೆತರಾಯಿತು, ಇನ್ನು ಯಾರೂ ಮೇಲೆ ಹತ್ತಿ ಏನೂ ಮಾಡಬೇಕಿಲ್ಲ.

ಕಾಂಕ್ರೀಟಿಗೆ ಈ ನಂಬಿಕೆಯ ಸುದ್ದಿ ತಲುಪಿಲ್ಲ. ಅದು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 40 ಅಡಿ ಉದ್ದದ ಮೌಲ್ಡು 30 ಡಿಗ್ರಿಯ ಏರಿಳಿತಕ್ಕೆ ಸುಮಾರು 4 ಮಿಲಿಮೀಟರ್ ಓಡಾಡುತ್ತದೆ. ದಿನಾ, ಇಪ್ಪತ್ತು ಮೂವತ್ತು ವರ್ಷ. ಪ್ಯಾರಾಪೆಟ್ ಗೋಡೆ ಅದರ ಜೊತೆ ಅಷ್ಟೇ ಓಡಾಡುವುದಿಲ್ಲ. ಅಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ನೀರಿಗೆ ಕೂದಲೆಳೆಯೂ ಹೆದ್ದಾರಿಯೇ. ಒಳಗೆ ಹೋದ ನೀರು ಕಂಬಿ ಮುಟ್ಟಿತೆಂದರೆ ತುಕ್ಕು, ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನೇ ಒಡೆಯುತ್ತದೆ.

ನಮ್ಮ ಮನೆಯಲ್ಲಿ ಮದ್ದು ಮಾಡದೆ ಬಿಟ್ಟಿರಲಿಲ್ಲ. ಮೊದಲು ಟಾರು. ಮೂರನೇ ಬೇಸಿಗೆಗೆ ಅದು ಮೊಸಳೆ ಬೆನ್ನಾಯಿತು. ಆಮೇಲೆ ಬಿಳಿ ಬಣ್ಣದ ಲೇಪ. ಅದು ಕೆಟ್ಟದ್ದೇನಲ್ಲ, ಆದರೆ ಡಬ್ಬಿಯ ಮೇಲೆ ಬರೆದಷ್ಟು ದಪ್ಪಕ್ಕೆ ಯಾರೂ ಬಳಿಯುವುದಿಲ್ಲ, ಬಿರುಕು ಮತ್ತೆ ಬಾಯಿ ಬಿಟ್ಟಾಗ ಅದೂ ಜೊತೆಗೇ ಹರಿಯುತ್ತದೆ. ಆಮೇಲೆ ಕೃಷಿ ಹೊಂಡದ ಹಾಳೆ. 2014–15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದಾಗಿನಿಂದ ಬಯಲುಸೀಮೆಯಲ್ಲಿ ಹೊಂಡಕ್ಕೆ ಹಾಸಿ ಮಿಕ್ಕ ತುಂಡು ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ನೀರು ತಡೆಯಲೆಂದೇ ಹುಟ್ಟಿದ ಹಾಳೆ, ತಾರಸಿಯಲ್ಲೂ ತಡೆಯಿತು. ಗಾಳಿಯನ್ನು ಮಾತ್ರ ತಡೆಯಲಿಲ್ಲ. ಒಂದು ಸಂಜೆ ಎದ್ದು ಹೋಗಿ ಪಕ್ಕದ ತೋಟದ ತೆಂಗಿನ ಮರ ಹಿಡಿದುಕೊಂಡಿತು. ಕೊನೆಗೆ ಫ್ಲೆಕ್ಸು. ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರಿದ ಹದಿನೆಂಟು ಮುಖಗಳು ನಮ್ಮ ನಡುಮನೆಯ ಮೇಲೆ ಅಂಗಾತ ಮಲಗಿ ಒಂದು ಮಳೆಗಾಲ ನೆನೆದವು.

ಪಟ್ಟಣದಿಂದ ಬಂದು ನೋಡಿದವರೊಬ್ಬರು ಬೆಂಕಿ ಹಾಯಿಸಿ ಅಂಟಿಸುವ ಡಾಂಬರಿನ ಹಾಳೆ ಹೇಳಿದರು. ಮೂರು ನಾಲ್ಕು ಮಿಲಿಮೀಟರ್ ದಪ್ಪದ್ದು, ಒಳ್ಳೆಯದೇ. ಆದರೆ ಗ್ಯಾಸ್ ಸಿಲಿಂಡರ್, ಉರಿಯುವ ಟಾರ್ಚು, ಪಳಗಿದ ಕೈ ಬೇಕು. ಅವರು ಮುಂಗಡ ಇಸಿದುಕೊಂಡು ಹೋಗಿ ತಿಂಗಳಾದರೂ ಬರಲಿಲ್ಲ. ಹಾಗೆ ನಾವು ರಬ್ಬರಿಗೆ ಬಂದದ್ದು. ಅದಕ್ಕೆ ಬೆಂಕಿ ಬೇಡ.

▪ ರಬ್ಬರಿನ ಜಾತಕ
ಹೆಸರು ಇಪಿಡಿಎಂ, ಬಿಡಿಸಿ ಹೇಳಿದರೆ ಎಥಿಲೀನ್ ಪ್ರೊಪಿಲೀನ್ ಡೈಯೀನ್ ಮಾನೊಮರ್. ಕಾರಿನ ಬಾಗಿಲಿನ ಕರಿ ಬೀಡಿಂಗ್ ಇದರದ್ದೇ. ಮರದ ಹಾಲಿನ ರಬ್ಬರಿನ ಸರಪಳಿಯಲ್ಲಿ ಜೋಡಿ ಬಂಧಗಳಿವೆ. ಗಾಳಿಯ ಓಜೋನ್ ಅಲ್ಲೇ ಕಚ್ಚಿ ಬಿರುಕು ಬಿಡಿಸುತ್ತದೆ. ಇಪಿಡಿಎಂನ ಬೆನ್ನುಸರಪಳಿಯಲ್ಲಿ ಕಚ್ಚಲು ಆ ಜಾಗವೇ ಇಲ್ಲ. ಇಂಥ ರಬ್ಬರಿಗೆ ದಾರಿ ಮಾಡಿದ ವೇಗವರ್ಧಕಗಳಿಗಾಗಿ ಕಾರ್ಲ್ ಝೀಗ್ಲರ್ ಮತ್ತು ಜೂಲಿಯೊ ನಟ್ಟಾ 1963ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಅದೇ ದಶಕದಲ್ಲಿ ಅಮೆರಿಕ, ಯುರೋಪುಗಳಲ್ಲಿ ಇದು ಸೂರಿಗೇರಿತು. ಗ್ಯಾರೇಜು, ಶೆಡ್ಡುಗಳ ಚಪ್ಪಟೆ ಸೂರಿಗೆ ಅಲ್ಲಿನ ಜನ ರಜೆಯ ದಿನ ತಾವೇ ಹಾಸಿಕೊಳ್ಳುತ್ತಾರೆ.

ನಮ್ಮದು 30ಕ್ಕೆ 40ರ ಮನೆ. ಹಾಳೆ ಎರಡು ಸುರುಳಿಯಲ್ಲಿ ಬಂತು, ಒಂದೊಂದು 90 ಕಿಲೊ ಹತ್ತಿರ. ದಪ್ಪ ಬರೀ 1.2 ಮಿಲಿಮೀಟರ್. ಅಟ್ಟಕ್ಕೆ ಕಾಯಿ ಏರಿಸುವ ಹಗ್ಗದಲ್ಲೇ ಆರು ಜನ ಎಳೆದು ಮೇಲೆ ತಂದೆವು.

ಸುರುಳಿ ಬರುವುದಕ್ಕೆ ಒಂದೂವರೆ ತಿಂಗಳು ಮುಂಚೆಯೇ ಅಸಲು ಕೆಲಸ ಶುರುವಾಗಿತ್ತು. ತಾರಸಿಗೆ ನೀರು ಬಿಟ್ಟು, ಗಂಟೆ ಕಳೆದ ಮೇಲೂ ಎಲ್ಲೆಲ್ಲಿ ನಿಂತಿದೆಯೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ನಕ್ಷೆ ನೋಡಿದರೆ ನಾಚಿಕೆ. ತಾರಸಿ ಕಟ್ಟಿದವರು ನೀರನ್ನು ಹೊರಕೊಳವೆಗೆ ಕಳಿಸುವ ಬದಲು ಮಧ್ಯಕ್ಕೆ ಕರೆಸಿದ್ದರು. 100 ಅಡಿಗೆ ಒಂದಡಿ ಇಳಿಜಾರಾದರೂ ಬೇಕು. ತಗ್ಗುಗಳಿಗೆ ಗಾರೆ ತುಂಬಿ, ಪ್ಯಾರಾಪೆಟ್ಟಿನ ಬುಡಕ್ಕೆ ಸುತ್ತಲೂ ಓರೆಯಾಗಿ ಮೆತ್ತಿ, ನಾಲ್ಕು ವಾರ ಒಣಗಲು ಬಿಟ್ಟೆವು.

ಹಳೆಯ ಟಾರನ್ನು ಉಳಿಯಲ್ಲಿ ಎಬ್ಬಿಸಿದ್ದೇ ಮೂರು ದಿನ. ಇಪಿಡಿಎಂಗೂ ಡಾಂಬರಿಗೂ ಎಣ್ಣೆ ಸೀಗೆಕಾಯಿ. ಟಾರಿನ ಎಣ್ಣೆ ಹತ್ತಿದರೆ ರಬ್ಬರು ಉಬ್ಬಿ ಸುಕ್ಕಾಗುತ್ತದೆ.

ಒಣಗಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭದ ಪರೀಕ್ಷೆ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಟೇಪು ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅಡಿಯಲ್ಲಿ ಬೆವರು ಕಂಡರೆ ನೆಲ ಇನ್ನೂ ಹಸಿ. ನಮ್ಮದು ಎರಡು ಸಲ ಬೆವರಿತು.

▪ ಒಂದಿಂಚು ನೀರು, ಎಷ್ಟು ಭಾರ?
1200 ಚದರ ಅಡಿಯ ತಾರಸಿ ಅಂದರೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ಒಂದಿಂಚು ಮಳೆ ಬಿದ್ದು ಕೊಳವೆ ಕಟ್ಟಿಕೊಂಡರೆ ತಲೆಯ ಮೇಲೆ ಸುಮಾರು 2800 ಲೀಟರ್, ಅಂದರೆ 28 ಕ್ವಿಂಟಲ್. ಕೊಳವೆ ಕಟ್ಟಲು ಒಂದು ಅಡಿಕೆ ಸಿಪ್ಪೆ ಸಾಕು.

ಅಂಟಿನ ಡಬ್ಬಿ ತೆರೆದ ಕೂಡಲೇ ಒಂದು ವಾಸನೆ ಬಂತು. ಎಲ್ಲೋ ಪರಿಚಯದ ವಾಸನೆ. ತಮ್ಮ, ಅದೇ ಚಿಕ್ಕಪ್ಪನ ಮಗ, ಮೂಗು ಅರಳಿಸಿ ಅಂದ, "ಅಣ್ಣ, ಪಂಚರ್ ಅಂಗಡಿ!"

ಹೌದು, ಸೊಲ್ಯೂಷನ್ನಿನ ವಾಸನೆ. ಅವನೇ ಬೈಕು ಹತ್ತಿ ಹೋಗಿ ಪಂಚರ್ ಅಂಗಡಿಯ ಹುಡುಗನನ್ನು ಕೂರಿಸಿಕೊಂಡು ಬಂದ. ಹುಡುಗ ಹಾಳೆಯನ್ನು ಬೆರಳಲ್ಲಿ ತಿಕ್ಕಿದ, ಡಬ್ಬಿ ಮೂಸಿದ, ನಕ್ಕ. "ಟ್ಯೂಬಿಗೆ ತೇಪೆ ಹಾಕ್ದಂಗೆ ಬಿಡಣ್ಣ. ದೊಡ್ಡ ತೇಪೆ, ಅಷ್ಟೆ."

ಆ ಮಾತಿನಿಂದ ನನ್ನ ಅರ್ಧ ಅಂಜಿಕೆ ಹೋಯಿತು. ಇಂಗ್ಲಿಷ್ ಹಾಳೆಯಲ್ಲಿ ಹತ್ತು ಪುಟ ಅಚ್ಚಾಗಿ ಬಂದಿದ್ದ ಸೂಚನೆಗಳೆಲ್ಲ ಆ ಹುಡುಗ ದಿನಕ್ಕೆ ಹತ್ತು ಸಲ ಮಾಡುವ ಕೆಲಸವೇ. ಮೈ ಒರೆಸು, ತಿಕ್ಕು. ಎರಡೂ ಕಡೆ ತೆಳ್ಳಗೆ ಸೊಲ್ಯೂಷನ್ ಬಳಿ. ಅವಸರ ಬೇಡ, ಆರಲು ಬಿಡು. ಬೆರಳಿಟ್ಟು ಎತ್ತಿದರೆ ಅಂಟಬೇಕು, ಆದರೆ ನೂಲು ಎಳೆಯಬಾರದು. ಆಮೇಲೆ ಕೂರಿಸು, ಒತ್ತು. ಒಂದು ಸಲ ಕೂತರೆ ಮತ್ತೆ ಎತ್ತುವ ಮಾತಿಲ್ಲ.

ಇಡೀ ಹಾಳೆಗೆ ಒಟ್ಟಿಗೆ ಅಂಟು ಬಳಿಯಲಾಗದು. ಅರ್ಧ ಹಾಳೆಯನ್ನು ಚಾಪೆಯಂತೆ ಹಿಂದಕ್ಕೆ ಮಡಿಚಿ, ಬಯಲಾದ ನೆಲಕ್ಕೂ ಹಾಳೆಯ ಬೆನ್ನಿಗೂ ರೋಲರಿನಲ್ಲಿ ಅಂಟು ಬಳಿದೆವು. ಆರಿದ ಮೇಲೆ ಒಬ್ಬ ಮೆಲ್ಲಗೆ ಉರುಳಿಸುತ್ತ ಬಂದರೆ ಇನ್ನೊಬ್ಬ ಪೊರಕೆ ಹಿಡಿದು ನಡುವಿನಿಂದ ಅಂಚಿಗೆ ಗಾಳಿ ತಳ್ಳಬೇಕು. ಆಮೇಲೆ ಉಳಿದರ್ಧ. ಅಂಟಿಗೆ ಬೆಂಕಿ ತಾಗಿದರೆ ಭಗ್ಗೆನ್ನುತ್ತದೆ. ನೋಡಲು ಬಂದ ಚಿಕ್ಕಪ್ಪನ ಕಿವಿಯ ಹಿಂದಿನ ಬೀಡಿ ನೋಡಿದೊಡನೆ ಪಂಚರ್ ಹುಡುಗ, "ಯಜಮಾನ್ರೆ, ಕೆಳಗಿಳೀರಿ" ಅಂದ. ಅವರು ಸಂಜೆಯವರೆಗೂ ಮಾತು ಬಿಟ್ಟರು.

ಎರಡು ಹಾಳೆ ಸೇರುವಲ್ಲಿ ಮೇಲ್ಗಡೆಯದು ಕೆಳಗಡೆಯದರ ಮೇಲೆ ಅರ್ಧ ಅಡಿ ಬರಬೇಕು, ಹೆಂಚು ಹೊದಿಸಿದ ಹಾಗೆ, ನೀರು ಹರಿಯುವ ದಿಕ್ಕಿಗೆ. ಒಳಗೆ ಪ್ರೈಮರ್ ಒರೆಸಿ ಮೂರಿಂಚು ಅಗಲದ ಜೋಡುಟೇಪು. ಅದರ ಮೇಲೆ ಸಣ್ಣ ರೋಲರ್ ಒತ್ತಿ ಒತ್ತಿ ತಮ್ಮನ ಅಂಗೈ ಬೊಬ್ಬೆ ಎದ್ದಿತು.

ಇಷ್ಟೆಲ್ಲ ಆದದ್ದು ಒಂದು ದಿನದಲ್ಲಿ. ನಾವು ಬೀಗಿದೆವು. ಮಾರನೇ ದಿನ ಇಡೀ ಮೂಲೆಗಳಿಗೇ ಹೋಯಿತು.

ಸೋರುವುದು ತಾರಸಿಯ ನಟ್ಟನಡುವಿನಿಂದಲ್ಲ. ನಡುವಿನಲ್ಲಿ ಯಾರು ಬೇಕಾದರೂ ಹಾಸಬಹುದು. ಸೋರುವುದು ಗೋಡೆಯ ಬುಡ, ಕೊಳವೆಯ ಕುತ್ತಿಗೆ, ಟ್ಯಾಂಕಿನ ಕಾಲು, ಮೂಲೆ. ಅಲ್ಲಿ ಹಾಳೆ ಮಡಿಚಬೇಕು. ಕತ್ತರಿಸಿದರೆ ಅಲ್ಲೊಂದು ಹೊಸ ತೂತು ಮಾಡಿದಂತೆ. ನನ್ನ ಕೈಯಲ್ಲಿ ಮೊದಲ ಮೂಲೆ ಮೂರು ಸಲ ಮುದ್ದೆಯಾಯಿತು.

ನೋಡಿ ನೋಡಿ ಬೇಸತ್ತ ಚಿಕ್ಕಮ್ಮ ಮೇಲೆ ಬಂದರು. ಹಾಳೆಯ ಮೂಲೆ ಹಿಡಿದು ಒಳಕ್ಕೊಂದು ನೆರಿಗೆ ತಳ್ಳಿ, ಉಳಿದ ಕಿವಿಯನ್ನು ಪಕ್ಕದ ಗೋಡೆಗೆ ಮಲಗಿಸಿದರು. "ದೊನ್ನೆ ಕಟ್ಟಿಲ್ವೇನೊ ಯಾವತ್ತೂ?" ಒಂದೇ ಮಡಿಕೆ, ಎಲ್ಲೂ ಕತ್ತರಿ ಇಲ್ಲ. ಮುತ್ತುಗದೆಲೆಯ ದೊನ್ನೆಯಲ್ಲಿ ಸಾರು ಸೋರದೆ ನಿಲ್ಲುವುದು ಇದೇ ಲೆಕ್ಕದಲ್ಲಿ. ಮಿಕ್ಕ ಮೂರು ಮೂಲೆಯೂ ಅವರದ್ದೇ. ನಾನು ಅಂಟು ಹಿಡಿದುಕೊಂಡು ನಿಂತಿದ್ದೆ.

ಹಾಳೆಯನ್ನು ಗೋಡೆಗೆ ಅರ್ಧ ಅಡಿ ಏರಿಸಿ, ಪ್ಲಾಸ್ಟರಿನಲ್ಲಿ ಉದ್ದಕ್ಕೂ ಗೀರು ಕೊರೆದು, ಅಂಚನ್ನು ಅದರೊಳಗೆ ತುರುಕಿ, ಅಲ್ಯೂಮಿನಿಯಂ ಪಟ್ಟಿ ಇಟ್ಟು ಸ್ಕ್ರೂ ಬಿಗಿದು ಸೀಲೆಂಟ್ ಎಳೆದೆವು. ಕೊಳವೆ ಹಾಯುವಲ್ಲಿ ಕೊಳವೆಗಿಂತ ಚಿಕ್ಕ ತೂತು ಮಾಡಿ ಎಳೆದು ತೊಡಿಸಬೇಕು, ಬಳೆ ತೊಡಿಸಿದಂತೆ. ಸಡಿಲ ಬಿಟ್ಟರೆ ಕೆಟ್ಟಿತು.

ತಪ್ಪುಗಳೂ ಆದವು. ಅಡಿಯಲ್ಲಿ ಉಳಿದ ಒಂದು ಕಡಲೆಕಾಳಿನ ಗಾತ್ರದ ಜಲ್ಲಿ ಇವತ್ತಿಗೂ ಮೊಡವೆಯಂತೆ ಕಾಣುತ್ತದೆ. ಒಂದು ಕಡೆ ಅಂಟು ಆರುವ ಮುಂಚೆ ಕೂರಿಸಿದ್ದಕ್ಕೆ ಮಧ್ಯಾಹ್ನದ ಬಿಸಿಲಿಗೆ ಚಪಾತಿಯಷ್ಟು ಅಗಲ ಉಬ್ಬಿತು. ಪಂಚರ್ ಹುಡುಗ ಬಂದು ಸೀಳಿ, ಗಾಳಿ ಬಿಟ್ಟು, ತೇಪೆ ಹಾಕಿ ಹೋದ. ದುಡ್ಡು ಇಸಿದುಕೊಳ್ಳಲಿಲ್ಲ. "ಮನೆ ಪಂಚರ್‌ಗೆ ರೇಟ್ ಗೊತ್ತಿಲ್ಲಣ್ಣ" ಅಂದ.

ಇನ್ನು ಈ ರಬ್ಬರಿನ ಮೇಲಿನ ದೂರುಗಳು. ಮೊದಲನೆಯದು ಕಾವು. ಕರಿ ಮೈ ಬಿಸಿಲನ್ನೆಲ್ಲ ಹೀರುತ್ತದೆ. ಏಪ್ರಿಲ್ ಮಧ್ಯಾಹ್ನ ಬರಿಗಾಲಿಡುವ ಹಾಗಿಲ್ಲ, ಕೆಳಗಿನ ಕೋಣೆಯಲ್ಲೂ ಸೆಖೆ ಏರಿದ್ದು ನಿಜ. ರಬ್ಬರಿಗೊಪ್ಪುವ ಬಿಳಿ ಲೇಪ ಸಿಗುತ್ತದೆ. ಮೊದಲ ವರ್ಷವೇ ಹಾಕಬೇಕಿತ್ತು, ಖರ್ಚು ನೋಡಿ ಹಿಂದೆಗೆದೆವು. ಅದು ನನ್ನ ತಪ್ಪು.

ಎರಡನೆಯದು ದೊಡ್ಡದು. ತಾರಸಿ ಕಣವಾಗಿದ್ದದ್ದು ನಿಂತಿತು. ಇಪಿಡಿಎಂ ಎಳೆದರೆ ಮೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ, ಆದರೆ ಕುಡುಗೋಲಿನ ತುದಿಗೆ ತಡೆಯುವುದಿಲ್ಲ. ಕುರ್ಚಿ ಎಳೆಯುವಂತಿಲ್ಲ. ಸಲಿಕೆಯಲ್ಲಿ ಅಡಿಕೆ ಗೋರುವಂತಿಲ್ಲ. ಪೆಟ್ರೋಲು, ಡೀಸೆಲ್ಲು, ಅಡುಗೆ ಎಣ್ಣೆಯ ಜಿಡ್ಡು ಯಾವುದೂ ಆಗದು. ಕೊಬ್ಬರಿ ಒಡೆದು ಬಿಸಿಲಿಗೆ ಹಾಕುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ, ಕೊಬ್ಬರಿ ಕಾದರೆ ಎಣ್ಣೆ ಬಿಡುತ್ತದೆ. ಕಂಪನಿಯ ಪುಸ್ತಕದಲ್ಲಿ ಅಡಿಕೆ, ಕೊಬ್ಬರಿ, ಸಂಡಿಗೆ ಮೂರರ ಹೆಸರೂ ಇಲ್ಲ. ಬರೆದವರ ಸೂರು ಬರೀ ಸೂರು.

ಕೊನೆಗೆ ರಾಜಿಯಾಯಿತು. ಪೂರ್ವದ ಕಡೆಯ ಮೂರನೇ ಒಂದು ಭಾಗದಲ್ಲಿ ರಬ್ಬರಿನ ತುಂಡುಗಳನ್ನೇ ಮೆತ್ತೆಯಂತಿಟ್ಟು, ಅದರ ಮೇಲೆ ಸಿಮೆಂಟಿನ ಬಿಲ್ಲೆ ಜೋಡಿಸಿದೆವು. ಅಡಿಕೆ ಅಲ್ಲಿ, ಟಾರ್ಪಾಲಿನ ಮೇಲೆ. ಉಳಿದದ್ದು ಮಳೆಗೆ.

ಎಲ್ಲರ ಮನೆಗೂ ಇದು ಮದ್ದಲ್ಲ ಅನ್ನುವುದನ್ನೂ ಹೇಳಬೇಕು. ಒಳಗಿನಿಂದ ನೋಡಿದಾಗ ಕಾಂಕ್ರೀಟು ಉದುರಿ ಕಂಬಿ ಹಲ್ಲು ಕಿರಿದಿದ್ದರೆ ಮೇಲೆ ರೇಷ್ಮೆ ಹೊದಿಸಿದರೂ ಪ್ರಯೋಜನವಿಲ್ಲ, ಮೊದಲು ಎಂಜಿನಿಯರಿಗೆ ತೋರಿಸಿ. ಮಳೆಯಿಲ್ಲದ ತಿಂಗಳಲ್ಲೂ ಗೋಡೆ ಹಸಿಯಾಗಿದ್ದರೆ ಅದು ಟ್ಯಾಂಕಿನದೋ ಬಚ್ಚಲ ಪೈಪಿನದೋ ಕೆಲಸ. ಮತ್ತೆ, ಅಂಟು ಬಳಿಯುವ ದಿನ ಮೋಡ ಕಂಡರೆ ಡಬ್ಬಿ ತೆರೆಯಬೇಡಿ.

ನಮ್ಮ ಕಡೆ ಜೋರು ಮಳೆ ಮುಂಗಾರಿನ ಶುರುವಿನದಲ್ಲ, ಸೆಪ್ಟೆಂಬರ್, ಅಕ್ಟೋಬರಿನದು. ಉತ್ತರೆ, ಹಸ್ತ, ಚಿತ್ತೆ. ಹೋದ ವರ್ಷದ ಉತ್ತರೆ ಮಳೆಯ ರಾತ್ರಿ ನಾನು ಕಡಬದಲ್ಲೇ ಇದ್ದೆ. ಹನ್ನೊಂದಕ್ಕೆ ಶುರುವಾದದ್ದು ಎರಡಾದರೂ ಬಿಡಲಿಲ್ಲ. ಹೊರಗೆ ಕೊಳವೆಯಿಂದ ನೀರು ದಬದಬ ಬೀಳುತ್ತಿತ್ತು. ನಡುಮನೆಯ ಸೂರಿನಲ್ಲಿ ಹಳೇ ಕಲೆ ಕಲೆಯಾಗಿಯೇ ಇತ್ತು, ಒದ್ದೆ ಇಲ್ಲ. ಮೆಟ್ಟಿಲ ಕೋಣೆಯ ಗೋಡೆಯಲ್ಲಿ ಮಾತ್ರ ಸಣ್ಣಗೆ ತೇವ. ಆ ಕೋಣೆಯ ತಲೆಗೆ ರಬ್ಬರು ಸಾಕಾಗಿರಲಿಲ್ಲ, ಬಿಟ್ಟಿದ್ದೆವು.

ಚಿಕ್ಕಪ್ಪ ಈ ವರ್ಷ ಕೃತ್ತಿಕೆ ಮಳೆಗೆ ಮುಂಚೆ ಒಂದು ಬೆಳಿಗ್ಗೆ ಮೇಲೆ ಹತ್ತಿದರು. ಬೀಡಿ ಕೆಳಗೇ ಬಿಟ್ಟು ಹೋಗಿದ್ದರು. ಕೊಳವೆಯ ಬಾಯಿಂದ ಅಡಿಕೆ ಸಿಪ್ಪೆ, ಬೇವಿನ ಎಲೆ, ಒಂದು ಪಾರಿವಾಳದ ಗರಿ ತೆಗೆದರು. ಅಂಚಿನ ಪಟ್ಟಿಯ ಸ್ಕ್ರೂಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಪೊರಕೆ ಆಡಿಸಿ, ಹತ್ತು ಗಂಟೆಗೆ ತಿಂಡಿಗೆ ಇಳಿದರು.

ಬಕೆಟ್ ಇನ್ನೂ ನಡುಮನೆಯಲ್ಲೇ ಇದೆ, ಹಳೇ ಜಾಗದಲ್ಲಿ, ಆ ಕಲೆಯ ನೇರ ಕೆಳಗೆ. ಚಿಕ್ಕಮ್ಮ ಅದಕ್ಕೆ ಈರುಳ್ಳಿ ತುಂಬಿಟ್ಟಿದ್ದಾರೆ. ಎತ್ತಿ ಅಡುಗೆಮನೆಗಿಡಲೇ ಅಂದರೆ, "ಇರ್ಲಿ ಬಿಡು, ಇನ್ನೆರಡು ಮಳೆ ನೋಡಾನ" ಅನ್ನುತ್ತಾರೆ.